ಗೊಂಡೆ ಸುಟ್ಟು ನೋಡುವ ಕಾಂತಕ್ಕ

ಪ್ರಾಣಿಗಳ ತುಪ್ಪಳದ ಬಟ್ಟೆಯನ್ನು ಮಾರಬಾರದು, ಕೊಳ್ಳಬಾರದು ಎಂದು ಬೇಲೂರಿನಲ್ಲಿ ಒಂದು ಚಳವಳಿ ನಡೆಯುತ್ತಿದೆ, ಅದರಲ್ಲಿ ನಾನೂ ಇದ್ದೇನೆ ಎಂದು ಹೇಳಿದಾಗ ಹಾಸನದ ನನ್ನ ಗೆಳೆಯನೊಬ್ಬ ಕಾಫಿ ಲೋಟ ಕೆಳಗಿಟ್ಟು, "ಹಂಗಾದ್ರೆ ಜಾವಗಲ್‌ನಲ್ಲಿ ಹಿಮಕರಡಿ ರಕ್ಷಣಾ ಸಮಿತಿ ಯಾವಾಗ ಶುರು?" ಎಂದು ಕೇಳಿದ.

ಅವನದೇನೂ ತಪ್ಪಿಲ್ಲ. ನಮ್ಮ ಕಡೆ ಚಳಿಗಾಲ ಎಂದರೆ ಗುಂಡಿ ಕಿತ್ತುಹೋದ ಸ್ವೆಟರು, ಕಿವಿಗೆ ಸುತ್ತಿದ ಟವೆಲು, ಬಿಸಿಲು ಬೀಳುವ ಕಡೆ ಎಳೆದುಕೊಂಡ ಕುರ್ಚಿ. ತುಪ್ಪಳದ ಕೋಟನ್ನು ನಾವು ನೋಡಿರುವುದು ಹಳೆಯ ಮ್ಯಾಗಜೀನುಗಳಲ್ಲಿ, ಅದೂ ಕ್ಷೌರದಂಗಡಿಯಲ್ಲಿ ಸರದಿ ಕಾಯುವಾಗ. ನನಗಂತೂ ವರ್ಷದಿಂದ ವರ್ಷಕ್ಕೆ ಆ ಅಂಗಡಿಗೆ ಹೋಗುವ ಅಗತ್ಯವೇ ಕಡಿಮೆಯಾಗುತ್ತಿದೆ. ಹೀಗಿರುವಾಗ ಯಾರದೋ ದೇಶದ ಶ್ರೀಮಂತರ ಕೋಟಿನ ಮೇಲೆ ನಾವೇಕೆ ಸಿಟ್ಟಾಗಬೇಕು? ಇದಕ್ಕೆ ಉತ್ತರ ಬೇಕಾದವರು ಬೇಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರೆಡಿಮೇಡ್ ಬಟ್ಟೆಯಂಗಡಿ ಇಟ್ಟಿರುವ ಕಾಂತಮ್ಮನವರನ್ನು ಕೇಳಬೇಕು. ಊರಿಗೆಲ್ಲ ಅವರು ಕಾಂತಕ್ಕ. ಉತ್ತರ ಬೇಡ ಎಂದರೂ ಅವರು ಬಿಡುವವರಲ್ಲ.

ನಾನು ಅವರ ಬೀದಿಯವನೇ, ದೇವೀರಪ್ಪ. ಅಲ್ಲಿ ಇಲ್ಲಿ ಹಾಸ್ಯಭಾಷಣ ಮಾಡುತ್ತೇನೆ. ಜನ ನಗುತ್ತಾರೆ, ಆದರೆ ನಾನು ಜೋಕು ಹೇಳುವುದಕ್ಕೆ ಮೊದಲೇ ನಗುತ್ತಾರೆ ಎನ್ನುವುದು ನನ್ನನ್ನು ಕಾಡುವ ಸಂಗತಿ. ಚಳವಳಿಯಲ್ಲಿ ನನ್ನ ಹುದ್ದೆ ಡ್ರೈವರ್. ನನ್ನ ಹಳೆಯ ಕಾರಿನಲ್ಲಿ ಕಾಂತಕ್ಕನನ್ನು ಕೂರಿಸಿಕೊಂಡು ಹೋಗುವುದು, ಅವರು ಮಾತಾಡುವ ಮೊದಲು ಜನ ಸೇರಿಸುವುದು, ಮಾತಾಡಿದ ಮೇಲೆ ಕಾರು ನೂಕಲು ಅದೇ ಜನರನ್ನು ಕೇಳಿಕೊಳ್ಳುವುದು.

ಕಾಂತಕ್ಕನ ಕಥೆ ಅರಸೀಕೆರೆಯಿಂದ ಶುರುವಾಗುತ್ತದೆ. ಅವರ ಯಜಮಾನರು ಮರುಳಪ್ಪನವರು. ಅರಸೀಕೆರೆ ದಾಟಿ ಜಾವಗಲ್ ಕಡೆ ಬರುವಾಗ ಇವರದೊಂದು ತೆಂಗಿನ ತೋಟ ಇದೆ. ಮರುಳಪ್ಪನವರು ಬದನೆಕಾಯಿಯಲ್ಲಿ ಹುಳು ಕಂಡರೆ ಅದನ್ನು ಎಲೆಯ ಮೇಲಿಟ್ಟುಕೊಂಡು ಹಿತ್ತಿಲ ತನಕ ನಡೆದು ಬಿಟ್ಟು ಬರುವ ಮನುಷ್ಯ. ಮನೆಯಲ್ಲಿ ಮೊಟ್ಟೆಯ ಚಿತ್ರವಿರುವ ಬಿಸ್ಕತ್ತಿನ ಪೊಟ್ಟಣಕ್ಕೂ ಪ್ರವೇಶವಿಲ್ಲ. ಇಂಥವರ ಬಳಿ ಕೆಲವು ವರ್ಷಗಳ ಹಿಂದೆ ಒಬ್ಬ ಏಜೆಂಟ್ ಬಂದ. ತೆಂಗಿನ ಮರದ ಕೆಳಗೆ ಜಾಗ ಸುಮ್ಮನೆ ಬಿದ್ದಿದೆ, ಮೊಲ ಸಾಕಿ, ಮೊಲದ ತುಪ್ಪಳಕ್ಕೆ ಪೇಟೆಯಲ್ಲಿ ಭಾರಿ ಬೇಡಿಕೆ, ಬೆಳೆದ ಮೇಲೆ ನಮ್ಮ ಗಾಡಿಯೇ ಬರುತ್ತದೆ ಎಂದ.

ಗಂಡ ಹೆಂಡತಿ ಇಬ್ಬರಿಗೂ ಮಾತು ಇಷ್ಟವಾಯಿತು. ಯಾಕೆಂದರೆ ಇಬ್ಬರೂ ಚಿಕ್ಕಂದಿನಿಂದ ನೋಡಿದ್ದು ಕುರಿಯ ಉಣ್ಣೆ ಕತ್ತರಿಸುವುದನ್ನು. ಕುರಿಗಾಹಿಗಳು ಹೊಲದಲ್ಲಿ ಮಂದೆ ನಿಲ್ಲಿಸಿ, ಕುರಿಯ ಕಾಲು ಕಟ್ಟಿ ಮಲಗಿಸಿ, ಕತ್ತರಿಯಾಡಿಸುತ್ತಾರೆ. ಕುರಿ ಸ್ವಲ್ಪ ಹೊತ್ತು ಗೊಣಗುತ್ತದೆ. ಆಮೇಲೆ ಎದ್ದು, ಮೈ ಕೊಡವಿ, ಹಗುರವಾಗಿ ಮೇಯಲು ಹೋಗುತ್ತದೆ. ಉಣ್ಣೆ ಕಂಬಳಿಯಾಗುತ್ತದೆ, ಮುಂದಿನ ವರ್ಷ ಕುರಿಯ ಮೈತುಂಬ ಮತ್ತೆ ಉಣ್ಣೆ. ತುಪ್ಪಳ ತೆಗೆಯುವುದು ಎಂದರೆ ಇವರ ಲೆಕ್ಕದಲ್ಲಿ ಕ್ಷೌರ, ಅಷ್ಟೇ.

ಹಾಗಾಗಿ ಮೊಲಗಳು ಬಂದವು. ಮರುಳಪ್ಪನವರು ಗರಿ ಹೊದಿಸಿ ಗೂಡು ಕಟ್ಟಿಸಿದರು. ಕಾಂತಕ್ಕ ಮೊಲಗಳ ಮೈಯನ್ನು ಬಾಚಣಿಗೆಯಿಂದ ಬಾಚಿದರು, ಸಿಕ್ಕು ಬಿಡಿಸಿದರು. ಗಾಡಿ ಬರುವ ದಿನ ಹತ್ತಿರವಾದಾಗ ಅಂಗಡಿಯ ಕತ್ತರಿಗಳನ್ನು ಸಾಣೆ ಹಿಡಿಸಿ ತೋಟಕ್ಕೆ ತೆಗೆದುಕೊಂಡು ಹೋದರು. ಇದನ್ನೆಲ್ಲ ನನಗೆ ಹೇಳಿದವರು ಅವರೇ. ಸಭೆಗಳಲ್ಲಿಯೂ ಹೇಳುತ್ತಾರೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ.

ಗಾಡಿ ಬಂತು. ಕಾಂತಕ್ಕ ಕತ್ತರಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಎದುರು ಹೋದರು.

"ನೀವೇ ಕತ್ತರಿ ತಂದಿದ್ದೀರೋ, ನಮ್ದೇ ಕೊಡ್ಲೋ?"

"ಕತ್ತರಿ ಯಾಕಮ್ಮ?" ಎಂದ ಏಜೆಂಟ್.

"ಮತ್ತೆ ತುಪ್ಪಳ ಹೆಂಗೆ ತೆಗೀತೀರಿ?"

"ಬರೀ ತುಪ್ಪಳ ತೆಗೆದ್ರೆ ಉದುರೋಯ್ತದೆ ಕಣಮ್ಮ. ಚರ್ಮದ ಸಮೇತ ತೆಗೀಬೇಕು."

"ಚರ್ಮ ತೆಗೆದ್ರೆ ಮೊಲ ಏನ್ ಹೊದ್ಕೊಳ್ತದೆ?"

ಏಜೆಂಟ್ ಮೊದಲು ನಕ್ಕ. ಆಮೇಲೆ ಈ ಹೆಂಗಸು ನಿಜವಾಗಿಯೂ ಕೇಳುತ್ತಿದ್ದಾಳೆಂದು ತಿಳಿದು, ತನ್ನ ಗಾಡಿಯ ಕಡೆ ನೋಡಿದ.

ಕೊಬ್ಬರಿ ಮಾರುಕಟ್ಟೆಯ ಹರಾಜಿನಲ್ಲಿ ಕೂಡ ದನಿ ಎತ್ತದ ಮರುಳಪ್ಪನವರು ಅಂದು ಎತ್ತಿದರು. "ಗಾಡಿ ತಿರುಗಿಸ್ಕೊಂಡು ಹೋಗಯ್ಯ, ಗೇಟು ಹಾಕ್ಬೇಕು" ಎಂದರು. ಗೇಟು ಹಾಕಿದರು. ಆ ಮೇಲೆ ಆ ತೋಟ ಮೊಲಗಳ ವೃದ್ಧಾಶ್ರಮವಾಯಿತು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವೆ ಬೇಲಿ, ಹಾಸ್ಟೆಲ್ಲಿನ ಶಿಸ್ತು. ಹಾಸ್ಟೆಲ್ಲಿನಲ್ಲಿ ಆಗುವಂತೆಯೇ ಇಲ್ಲಿಯೂ ಬೇಲಿಗೆ ಅಂಥ ಮರ್ಯಾದೆಯೇನೂ ಸಿಗಲಿಲ್ಲ. ಕೇಳಿದವರಿಗೆಲ್ಲ ಮೊಲದ ಮರಿ ಕೊಟ್ಟರು. ಕೊಡುವಾಗ, ತಿನ್ನುವುದಿಲ್ಲ ಎಂದು ಮಾತು ತೆಗೆದುಕೊಂಡರು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ ಅವರದು ಬಟ್ಟೆಯಂಗಡಿ. ಜವಳಿಯವರಿಗೆ ಒಂದು ಅಭ್ಯಾಸವಿರುತ್ತದೆ. ಹೊಸ ಮಾಲು ಬಂದರೆ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು ಮೂಸುತ್ತಾರೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕರಿ ಗುಂಡಾಗುತ್ತದೆ. ರೇಷ್ಮೆ, ಉಣ್ಣೆಗಳಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಒಂದು ವರ್ಷ ದೀಪಾವಳಿಯ ಮುಂಚೆ ಹೊರರಾಜ್ಯದ ಸಗಟು ವ್ಯಾಪಾರಿಯೊಬ್ಬನಿಂದ ಮಕ್ಕಳ ಟೋಪಿಗಳು ಬಂದವು. ನೆತ್ತಿಯ ಮೇಲೆ ಮೆತ್ತನೆಯ ಬಿಳಿ ಗೊಂಡೆ. ನಾನು ಕರ್ಚೀಫು ಕೊಳ್ಳಲು ಹೋಗಿದ್ದೆ. ಕಾಂತಕ್ಕ ಮಾತಾಡುತ್ತಲೇ ಗೊಂಡೆಯಿಂದ ಒಂದು ಎಳೆ ಕಿತ್ತು ಕಡ್ಡಿ ಹಚ್ಚಿದರು. ಕೂದಲು ಸುಟ್ಟ ವಾಸನೆ ಬಂತು. ಇನ್ನೊಂದು ಎಳೆ ಸುಟ್ಟರು. ಆಮೇಲೆ ಕತ್ತರಿಯಿಂದ ಗೊಂಡೆಯನ್ನೇ ಕತ್ತರಿಸಿ ಬಿಡಿಸಿದರು. ಒಳಗೆ ತೆಳ್ಳಗೆ, ಹಪ್ಪಳದಂತೆ ಒಣಗಿದ ಚರ್ಮ.

"ಈ ಟೋಪಿ ಹೋದ ವರ್ಷನೂ ಮಾರಿದ್ದೆ ಕಣೋ ದೇವೀರ" ಎಂದರು. "ತೋಟದ ಗೇಟು ಹಾಕ್ಕೊಂಡು ಪುಣ್ಯ ಬಂತು ಅಂದ್ಕೊಂಡಿದ್ದೆ. ಅಂಗಡಿ ಬಾಗ್ಲು ತೆಗ್ದೇ ಇತ್ತು."

ಚಳವಳಿ ಶುರುವಾದದ್ದು ಹಾಗೆ. ಅಂಗಡಿಯ ಮುಂದೆ ಒಂದು ಬೋರ್ಡು ಬಂತು. ಅಕ್ಷರ ಬರೆದವನು ನಾನು. ಮೊಲದ ಚಿತ್ರವನ್ನೂ ನಾನೇ ಬರೆದಿದ್ದರಿಂದ, ಕತ್ತೆಗಳ ಮೇಲೆ ಹಿಂಸೆ ನಡೆಯುತ್ತಿದೆ ಎಂದು ಕೆಲವರು ಮರುಗಿದರು. ಶಾಲೆ, ಮಹಿಳಾ ಸಂಘ, ಸಂತೆ, ಎಲ್ಲಿ ನಾಲ್ಕು ಜನ ನಿಂತರೆ ಅಲ್ಲಿ ಕಾಂತಕ್ಕ. ಮದುವೆ ಮನೆಗೆ ಹೋದರೂ ಕೈಯಲ್ಲಿ ಬೆಂಕಿಪೊಟ್ಟಣ. ವಧುವಿನ ಚಿಕ್ಕಮ್ಮನ ಶಾಲಿನ ಅಂಚನ್ನು ಆಸೆಯಿಂದ ನೋಡುತ್ತ ನಿಂತಿದ್ದ ಅವರನ್ನು ನಾನೇ ಊಟದ ಪಂಕ್ತಿಗೆ ಎಳೆದುಕೊಂಡು ಹೋಗಿದ್ದೇನೆ.

ಬಿಕ್ಕೋಡಿನಲ್ಲಿ ಎಸ್ಟೇಟ್ ಕೆಲಸದ ಹೆಂಗಸರ ಮುಂದೆ ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಮೊದಲು ಎದ್ದು ನನ್ನ ಹೆಸರಾಂತ ಜೋಕುಗಳನ್ನು ಹೇಳಿದೆ. ಯಾರೂ ನಗಲಿಲ್ಲ. ಕಾಂತಕ್ಕ ಕತ್ತರಿ ತಟ್ಟೆಯ ಕಥೆ ಹೇಳಿದರು. ಎಲ್ಲರೂ ನಕ್ಕರು. ಅಂಕಮ್ಮ ಎನ್ನುವ ಹಿರಿಯ ಹೆಂಗಸು ಎಲೆ ಅಡಿಕೆ ಉಗಿದು ಬಂದು ಕೇಳಿದಳು:

"ಅಲ್ಲ ಕಣವ್ವ, ನಾವು ಕೋಳಿ ತಿಂತೀವಿ, ಕುರಿ ತಿಂತೀವಿ. ನೀವು ತಿನ್ನಲ್ಲ. ಈಗ ಮೊಲದ ಹೆಸ್ರಲ್ಲಿ ನಮ್ಗೆ ಬುದ್ಧಿ ಹೇಳಕ್ಕೆ ಬಂದ್ರಾ?"

ನಾನು ಕಾರಿನ ಕೀಲಿ ಹುಡುಕತೊಡಗಿದೆ. ಕಾಂತಕ್ಕ ಮಾತ್ರ ಅವಳ ಪಕ್ಕಕ್ಕೇ ಹೋಗಿ ಕೂತರು.

"ನಿಮ್ಮನೆ ತಟ್ಟೆ ವಿಚಾರ ನನಗ್ಯಾಕವ್ವ? ನಾನು ತಟ್ಟೆಗೆ ಬಂದಿಲ್ಲ, ಟೋಪಿಗೆ ಬಂದಿದ್ದೀನಿ. ಒಂದು ಗೊಂಡೆಗೋಸ್ಕರ ಒಂದು ಜೀವ. ಮಗುಗೆ ಅದ್ರಿಂದ ಬೆಚ್ಚಗಾಯ್ತದಾ?"

"ಗೊಂಡೆಯಿಂದ ಏನ್ ಬೆಚ್ಚಗಾಯ್ತದೆ, ನೆತ್ತಿ ಮ್ಯಾಲಿರ್ತದೆ!" ಎಂದಳು ಅಂಕಮ್ಮ. ಸ್ವಲ್ಪ ಯೋಚಿಸಿ, "ಅದು ಬರೀ ಶೋಕಿ ಬುಡು" ಎಂದು ತೀರ್ಪು ಕೊಟ್ಟಳು. ಚಳವಳಿಯ ಕರಪತ್ರದಲ್ಲಿ ನಾನು ಒಂದು ಪುಟ ಬರೆದು ಹೇಳಲಾರದೆ ಹೋದದ್ದು ಅದು.

ಊರಿನಲ್ಲಿ ಮಾತ್ರ ತಮಾಷೆ ನಿಲ್ಲಲಿಲ್ಲ. ಜವಳಿ ವರ್ತಕರ ಸಂಘದ ಅಧ್ಯಕ್ಷ ಭೀಮರಾಜ್ ಒಂದು ದಿನ ಅಂಗಡಿಗೇ ಬಂದು, "ಕಾಂತಕ್ಕ, ನೀವು ಉಟ್ಟಿರೋ ರೇಷ್ಮೆ ಸೀರೆಗೆ ಹುಳ ಏನ್ ರಾಜೀನಾಮೆ ಕೊಟ್ಟು ಹೋಯ್ತಾ?" ಎಂದು ಕೇಳಿದರು.

ಕಾಂತಕ್ಕ ತಮ್ಮ ಸೀರೆಯನ್ನು ನೋಡಿಕೊಂಡರು. "ಇಲ್ಲ ಕಣ್ರೀ. ಅದೂ ತಪ್ಪೇ. ಎಲ್ಲಾ ಒಂದೇ ದಿನ ಬಿಡೋಷ್ಟು ದೊಡ್ಡೋಳಲ್ಲ ನಾನು. ಒಂದೊಂದೇ ಬಿಡ್ತೀನಿ" ಎಂದರು. ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಭೀಮರಾಜ್ ಒಂದು ಬನಿಯನ್ ಕೊಂಡುಕೊಂಡು ಹೋದರು.

ಇಷ್ಟರಲ್ಲಿ ಕಾಂತಕ್ಕನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಕೊಳ್ಳುವವರಿಗೆ ಹೇಳಿ ಮುಗಿಯುವ ಕೆಲಸ ಇದಲ್ಲ, ಮಾರುವವರು ತರಿಸಬಾರದು. ಚಳಿಗಾಲದ ಮಾಲಿಗೆ ಆರ್ಡರ್ ಹೋಗುವುದು ದೀಪಾವಳಿಗೆ ಮುಂಚೆ. ಅದಕ್ಕೂ ಮೊದಲು ವರ್ತಕರ ಸಂಘದ ಸಭೆ ಇರುತ್ತದೆ. ಆ ಸಭೆಯಲ್ಲಿ ಬೇಲೂರು, ಹಳೇಬೀಡಿನ ಅಂಗಡಿಯವರೆಲ್ಲ ನಿಜವಾದ ತುಪ್ಪಳದ ಮಾಲು ತರಿಸುವುದಿಲ್ಲ ಎಂದು ನಿರ್ಣಯ ಮಾಡಬೇಕು. ಹೋದ ವರ್ಷ ಅವರು ಪಟ್ಟು ಹಿಡಿದದ್ದು ಇದಕ್ಕೆ. ಇದೊಂದಾದರೆ ಸಾಕು, ಆಮೇಲೆ ನಾನು ಮನೆಯಲ್ಲಿ ಕೂರುತ್ತೇನೆ ಎಂದರು. ಮರುಳಪ್ಪನವರು ನಿರ್ಣಯದ ಪರವಾಗಿ ಮನೆಯಲ್ಲಿ ಮೊದಲ ಮತ ಹಾಕಿದರು.

ನಿರ್ಣಯ ಆಗಬೇಕಾದರೆ ಹಳೇಬೀಡಿನ ಇಂದ್ರೇಶ್ ಒಪ್ಪಬೇಕಿತ್ತು. ದೇವಸ್ಥಾನದಿಂದ ಬಸ್ತಿಹಳ್ಳಿಗೆ ತಿರುಗುವ ದಾರಿಯಲ್ಲಿ ಅವರದು ದೊಡ್ಡ ಫ್ಯಾನ್ಸಿ ಸ್ಟೋರ್. ಮಗಳ ಹೆಸರನ್ನೇ ಇಟ್ಟು 'ಸಿರಿ ಕಲೆಕ್ಷನ್ಸ್' ಎಂದು ಬೋರ್ಡು ಹಾಕಿದ್ದಾರೆ. ಪ್ರವಾಸಿಗಳೆಲ್ಲ ಅಲ್ಲಿಗೇ ನುಗ್ಗುತ್ತಾರೆ. ಇಂದ್ರೇಶ್ ತರಿಸಿದ್ದನ್ನು ಉಳಿದವರು ತರಿಸುತ್ತಾರೆ, ಬಿಟ್ಟದ್ದನ್ನು ಬಿಡುತ್ತಾರೆ. ಸಭೆ ಹತ್ತಿರವಾಗಿತ್ತು. ಒಂದು ಭಾನುವಾರ ನಾವು ಹಳೇಬೀಡಿಗೆ ಹೋದೆವು.

ಅಂಗಡಿಯ ಮುಂದುಗಡೆಯೇ ಕಳೆದ ಚಳಿಗಾಲದಲ್ಲಿ ಉಳಿದ ಜಾಕೆಟ್ಟುಗಳ ರಾಶಿ. ಒಂದೊಂದರ ಟೋಪಿಗೂ ಸುತ್ತ ಬಿಳಿ ತುಪ್ಪಳದ ಅಂಚು. ಇಂದ್ರೇಶ್ ಒಳ್ಳೆಯ ಮನುಷ್ಯ, ನಗುತ್ತಲೇ ಬಂದರು.

"ಅಕ್ಕಾ, ಬನ್ನಿ ಬನ್ನಿ. ನೀವು ಏನ್ ಕೇಳಕ್ಕೆ ಬಂದಿದ್ದೀರಿ ಅಂತ ಗೊತ್ತು. ಇದೆಲ್ಲಾ ಪ್ಲಾಸ್ಟಿಕ್ಕು, ಒಂದೂ ಜೀವ ಇದ್ದಿದ್ದಲ್ಲ."

"ನೋಡೋಣ" ಎಂದು ಕಾಂತಕ್ಕ ರಾಶಿಯ ಮೇಲಿನ ಜಾಕೆಟ್ಟಿನಿಂದ ಒಂದು ಎಳೆ ಎತ್ತಿದರು. ನಾನು ಕಡ್ಡಿ ಗೀರಿದೆ. ಎಳೆ ಚುರ್ ಎಂದು ಸುಟ್ಟಿತು. ಕೂದಲಿನ ವಾಸನೆ, ಅನುಮಾನವೇ ಇಲ್ಲ. ನನಗೂ ಬಂತು. ಕೂದಲಿನ ವಿಷಯದಲ್ಲಿ ನನ್ನ ನೆನಪು ಹಳೆಯದಾದರೂ ಮೂಗು ಸರಿಯಾಗಿದೆ.

ಕಾಂತಕ್ಕ ಕೂಗಾಡುವವರಲ್ಲ. ಆದರೆ ಬಟ್ಟೆಯಂಗಡಿಯಲ್ಲಿ ಕೂತು ಕೂತು ಅವರ ದನಿ ಬೀದಿಗೆ ಕೇಳುವಂಥದು. "ಪ್ಲಾಸ್ಟಿಕ್ಕು ಅಂತ ಹೇಳಿ ಪ್ರಾಣಿ ಚರ್ಮ ಮಾರ್ತಿದ್ದೀಯಲ್ಲಪ್ಪ ಇಂದ್ರೇಶ! ಮಗಳ ಹೆಸ್ರು ಬೇರೆ ಮೇಲೆ ಬರ್ಸಿದ್ದೀಯ!" ಎಂದರು. ಕೊಳ್ಳಲು ನಿಂತಿದ್ದ ಪ್ರವಾಸಿಗಳು ಕೈಯಲ್ಲಿದ್ದ ಜಾಕೆಟ್ಟನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟರು. ಯಾರೋ ವಿಡಿಯೊ ಮಾಡಿದರು. ಇಂದ್ರೇಶ್, ಮುಖದ ಮೇಲೆಯೇ ಉಳಿದ ನಗುವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು.

ವಿಡಿಯೊ ನಾವು ಬೇಲೂರು ತಲುಪುವ ಮೊದಲೇ ತಲುಪಿತ್ತು.

ಸಭೆಯ ಹಿಂದಿನ ದಿನ ಇಂದ್ರೇಶ್ ಹೆಂಡತಿ ಶಿಲ್ಪಾ ಬಸ್ಸಿನಲ್ಲಿ ಕಾಂತಕ್ಕನ ಅಂಗಡಿಗೆ ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ಅದೇ ಜಾಕೆಟ್ಟು. ಕೂರಿ ಎಂದರೆ ಕೂರಲಿಲ್ಲ.

"ಕಾಂತಮ್ನೋರೇ, ಇದನ್ನ ನನ್ ಮುಂದೆ ಇನ್ನೊಂದ್ಸಲ ಸುಡಿ."

ಕಾಂತಕ್ಕ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟರು. ಕರಗಿತು. ಕರಿ ಗುಂಡಾಯಿತು. ಪ್ಲಾಸ್ಟಿಕ್ಕಿನ ವಾಸನೆ. ಬೇರೆ ಕಡೆಯಿಂದ ಕಿತ್ತರು. ಕರಿ ಗುಂಡು. ಕಿತ್ತಲ್ಲೆಲ್ಲ ಕರಿ ಗುಂಡು. ಕಾಂತಕ್ಕ ಜಾಕೆಟ್ಟನ್ನು ಕೆಳಗಿಟ್ಟರು.

"ಮತ್ತೆ ಅವತ್ತು?"

"ಅವತ್ತು ನೀವು ಕೀಳ್ಲಿಲ್ಲ, ಮೇಲೆ ಬಿದ್ದಿದ್ದನ್ನ ಎತ್ಕೊಂಡ್ರಿ" ಎಂದರು ಶಿಲ್ಪಾ. "ನಮ್ಮನೆ ಬೆಕ್ಕು ದಿನಾ ಆ ರಾಶಿ ಮೇಲೇ ಮಲಗೋದು. ಬಿಳೀ ಬೆಕ್ಕು. ನೀವು ಸುಟ್ಟಿದ್ದು ಅದರ ಕೂದ್ಲು. ಆ ಬೆಕ್ಕು ಈಗ್ಲೂ ಬದುಕಿದೆ, ಬೇಕಾದ್ರೆ ಬಂದು ನೋಡಿ." ಜಾಕೆಟ್ಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಸಿರಿ ಸ್ಕೂಲಿಗೆ ಹೋಗಲ್ಲ ಅಂತಾಳೆ. ಮಕ್ಳು ಎಲ್ಲಾ 'ಚರ್ಮದಂಗಡಿ' ಅಂತ ಕರೀತಾರಂತೆ."

ನಾನು ಆ ಹೊತ್ತಿನಲ್ಲಿ ಮಾಡಬಹುದಾದ ದೊಡ್ಡ ಕೆಲಸವೆಂದರೆ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳುವುದು. ಅದನ್ನು ಮಾಡಿದೆ.

"ತಪ್ಪಾಯ್ತು ಕಣವ್ವ" ಎಂದರು ಕಾಂತಕ್ಕ. "ನಿನ್ ಮುಂದೆ ಹೇಳಿದ್ರೆ ಸಾಲ್ದು. ನಾಳೆ ಬತ್ತೀನಿ."

ಶಿಲ್ಪಾ ಹೋದ ಮೇಲೆ ಒಂದು ಸಣ್ಣ ಸಮಾಲೋಚನೆ ನಡೆಯಿತು. ಮರುಳಪ್ಪನವರು ಮೆಲ್ಲಗೆ, "ನಾಳೆ ಮಧ್ಯಾಹ್ನ ಸಭೆ. ಅದು ಮುಗಿದ್ಮೇಲೆ ಹೋಗಿ ಕ್ಷಮೆ ಕೇಳಿದ್ರೆ ಆಗಲ್ವೇನೇ?" ಎಂದರು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ನಿರ್ಣಯ ಮುಳುಗುತ್ತದೆ, ಬೆಕ್ಕಿನ ಕೂದಲಿಗೂ ತುಪ್ಪಳಕ್ಕೂ ವ್ಯತ್ಯಾಸ ಗೊತ್ತಿಲ್ಲದವಳ ಮಾತಿಗೆ ಯಾರು ಕೈ ಎತ್ತುತ್ತಾರೆ ಎಂದು ಅವರ ಚಿಂತೆ. ನಾನೂ ತಲೆಯಾಡಿಸಿದೆ.

"ಆ ಮಗು ನಾಳೆ ಸ್ಕೂಲಿಗೆ ಹೋಗ್ಬೇಕಲ್ರೀ" ಎಂದರು ಕಾಂತಕ್ಕ. ಆಮೇಲೆ ನಮ್ಮಿಬ್ಬರ ಸಲಹೆ ಯಾರಿಗೂ ಬೇಕಾಗಲಿಲ್ಲ.

ಕಾಂತಕ್ಕನ ತವರಿನ ಕಡೆ ಒಂದು ಪದ್ಧತಿ ಇದೆ. ಅದಕ್ಕೆ ತಪ್ಪುಕಾಣಿಕೆ ಎನ್ನುತ್ತಾರೆ. ಯಾರ ಮೇಲಾದರೂ ಇಲ್ಲದ ಮಾತು ಹೊರಿಸಿದ್ದರೆ, ಆಡಿದ ಜಾಗದಲ್ಲೇ, ಆಡಿದಷ್ಟೇ ದೊಡ್ಡ ದನಿಯಲ್ಲಿ ತಪ್ಪಾಯಿತು ಎನ್ನಬೇಕು. ಎಲೆ ಅಡಿಕೆ ತೆಂಗಿನಕಾಯಿಯ ತಟ್ಟೆಯನ್ನು ಆ ಮನೆಯ ಹೊಸ್ತಿಲ ಮೇಲಿಡಬೇಕು. ಮನೆಯವರು ಅದನ್ನು ಎತ್ತಿಕೊಳ್ಳುವ ತನಕ ಕೂರಬಾರದು, ನೀರು ಕುಡಿಯಬಾರದು.

ಮರುದಿನ ಬೆಳಿಗ್ಗೆ ನಾವು ಮೂವರೂ ಹಳೇಬೀಡಿಗೆ ಹೋದೆವು. ದಾರಿಯುದ್ದಕ್ಕೂ ಕಾರು ಎಲ್ಲರ ಪರವಾಗಿ ಗೊಣಗುತ್ತಿತ್ತು. ಸಿರಿ ಕಲೆಕ್ಷನ್ಸ್ ಮುಂದೆ ಪ್ರವಾಸಿಗಳ ಬಸ್ಸು ಬಂದು ನಿಂತ ಹೊತ್ತು. ಕಾಂತಕ್ಕ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಬೀದಿಗೆ ಮುಖ ಮಾಡಿ, ಕೈ ಮುಗಿದರು.

"ಎಲ್ಲಾರೂ ಕೇಳ್ರಪ್ಪ. ಭಾನುವಾರ ಇದೇ ಜಾಗದಲ್ಲಿ ನಿಂತು, ಈ ಅಂಗಡಿಯೋರು ಪ್ರಾಣಿ ಚರ್ಮ ಮಾರ್ತಾರೆ ಅಂದೆ. ನಾನು ಸುಟ್ಟಿದ್ದು ಬೆಕ್ಕಿನ ಕೂದ್ಲು. ಆ ಜಾಕೆಟ್ಟು ಪ್ಲಾಸ್ಟಿಕ್ಕೇ. ಇಂದ್ರೇಶ ಹೇಳಿದ್ದೇ ಸರಿ. ನಂದು ತಪ್ಪಾಯ್ತು."

ಭಾನುವಾರದಷ್ಟೇ ದೊಡ್ಡ ದನಿ. ಆಚೆ ಅಂಗಡಿಗಳಿಂದ ಜನ ಇಣುಕಿದರು. ಕೆಲವರು ನಕ್ಕರು. ಪ್ರವಾಸಿಗಳು ಇದೇನೋ ಸ್ಥಳೀಯ ಪೂಜೆ ಎಂದುಕೊಂಡು ಫೋಟೊ ತೆಗೆದರು. ಒಬ್ಬ ಗೈಡ್, ಇದು ಹೊಯ್ಸಳರ ಕಾಲದಿಂದ ನಡೆದುಬಂದ ಆಚರಣೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಕೇಳುತ್ತಿದ್ದ ಹಿರಿಯರೊಬ್ಬರು ಭಕ್ತಿಯಿಂದ ತೆಂಗಿನಕಾಯಿಗೆ ನಮಸ್ಕಾರ ಮಾಡಿ ಹೋದರು. ಬೇರೆ ದಿನವಾಗಿದ್ದರೆ ಅದೊಂದರಿಂದಲೇ ನನಗೆ ವರ್ಷವಿಡೀ ಭಾಷಣ ಆಗುತ್ತಿತ್ತು. ಅಂದು ನಗು ಬರಲಿಲ್ಲ.

ಇಂದ್ರೇಶ್ ಗಲ್ಲಾಪೆಟ್ಟಿಗೆಯ ಹಿಂದೆ ತಲೆ ಬಗ್ಗಿಸಿ ಕೂತಿದ್ದರು. ನಮ್ಮ ಕಡೆ ನೋಡಲಿಲ್ಲ. ಬಿಸಿಲು ಏರಿತು. ಕಾಂತಕ್ಕ ನಿಂತೇ ಇದ್ದರು. ಮರುಳಪ್ಪನವರು ಹೆಂಡತಿಯ ಪಕ್ಕಕ್ಕೆ ಹೋಗಿ, ಅವರ ತಲೆಗೆ ನೆರಳಾಗುವಂತೆ ಛತ್ರಿ ಹಿಡಿದು ನಿಂತರು. ನಾನೂ ಇನ್ನೊಂದು ಪಕ್ಕದಲ್ಲಿ ನಿಂತೆ. ನನ್ನ ತಲೆಯ ಮೇಲೆ ಬಿಸಿಲು ಬಿದ್ದರೆ ಎದುರಿಗಿರುವವರ ಕಣ್ಣಿಗೆ ಕಷ್ಟ, ಆದರೂ ನಿಂತೆ.

ಬಹಳ ಹೊತ್ತಾದ ಮೇಲೆ ಶಿಲ್ಪಾ ಒಳಗಿನಿಂದ ಬಂದರು. ಅವರ ಹಿಂದೆ ಯೂನಿಫಾರ್ಮ್ ಹಾಕದ ಸಿರಿ. ಶಿಲ್ಪಾ ಬಗ್ಗಿ ತಟ್ಟೆ ಎತ್ತಿಕೊಂಡರು. ಕಾಂತಕ್ಕ ಸಿರಿಯ ಕೆನ್ನೆ ಮುಟ್ಟಿ, "ನಿಮ್ ಮಿಸ್ಸಿಗೆ ಹೇಳು, ಬೇಲೂರಿನ ಅಜ್ಜಿ ಸುಳ್ಳು ಹೇಳ್ಬಿಟ್ಟಿತ್ತು ಅಂತ" ಎಂದರು. ಆಗಲೂ ಇಂದ್ರೇಶ್ ತಲೆ ಎತ್ತದೆ, "ಆಯ್ತಲ್ಲಕ್ಕ, ಹೋಗ್ಬನ್ನಿ. ವ್ಯಾಪಾರದ ಹೊತ್ತು" ಎಂದರು. ಅವರು ಕ್ಷಮಿಸಿಲ್ಲ ಎಂದುಕೊಂಡು ನಾವು ಹೊರಟೆವು.

ಮಧ್ಯಾಹ್ನದ ಸಭೆ ಬೇಲೂರಿನ ಒಂದು ಛತ್ರದಲ್ಲಿ. ಬೆಕ್ಕಿನ ಸುದ್ದಿ ನಮಗಿಂತ ಮೊದಲೇ ಬಂದು ಕುರ್ಚಿ ಹಿಡಿದಿತ್ತು. ಹಿಂದಿನ ಸಾಲಿನಲ್ಲಿ ಯಾರೋ "ಮಿಯಾಂವ್" ಎಂದರು. ಭೀಮರಾಜ್ ಮೈಕ್ ತಟ್ಟಿ, "ತುಪ್ಪಳದ ನಿರ್ಣಯ ಒಂದಿತ್ತು. ಬೆಳಿಗ್ಗೆ ಹಳೇಬೀಡಲ್ಲಿ ಆದ ಬೆಳವಣಿಗೆಯಿಂದ ಅದನ್ನ ಮುಂದಕ್ಕೆ ಹಾಕೋದು ಒಳ್ಳೇದು ಅಂತ ನನ್ನ ಅಭಿಪ್ರಾಯ" ಎಂದರು. ಛತ್ರವೆಲ್ಲ ನಕ್ಕಿತು.

ಕಾಂತಕ್ಕ ಎದ್ದರು. "ನಗ್ರಿ, ನಾನು ಮಾಡಿರೋ ಕೆಲ್ಸ ಅಂಥಾದ್ದೇ" ಎಂದರು. "ನಾನು ಹೇಳಿದ್ದನ್ನ ನಂಬ್ಕೊಂಡು ಯಾರೂ ಕೈ ಎತ್ಬೇಡಿ. ನಿಮ್ ನಿಮ್ ಅಂಗಡೀಲಿ ನೀವೇ ಸುಟ್ಟು ನೋಡಿ. ಬೇಡ ಅನ್ನೋರು ಬೇಡ ಅನ್ನಿ. ಆದ್ರೆ ಬೆಕ್ಕಿನ ಮೇಲೆ ಹಾಕಿ ಬೇಡ ಅನ್ಬೇಡಿ." ಇಷ್ಟು ಹೇಳಿ ಕೂತುಬಿಟ್ಟರು. ಎಷ್ಟೋ ದಿನಗಳಿಂದ ತಯಾರಿ ಮಾಡಿದ್ದ ಭಾಷಣ ಅವರ ಕೈಚೀಲದಲ್ಲಿಯೇ ಉಳಿಯಿತು.

ಆಗ ಬಾಗಿಲ ಹತ್ತಿರ ಇಂದ್ರೇಶ್ ಎದ್ದು ನಿಂತರು. ಅವರು ಬಂದದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಒಂದು ರಟ್ಟಿನ ಡಬ್ಬ.

"ಅಧ್ಯಕ್ಷರೇ, ಅಕ್ಕ ಭಾನುವಾರ ಬೈದು ಹೋದ್ಮೇಲೆ ನಂಗೆ ಎಷ್ಟ್ ಸಿಟ್ಟು ಬಂತು ಅಂದ್ರೆ, ಇವ್ರ ಬಾಯಿ ಮುಚ್ಚಿಸ್ಬೇಕು ಅಂತ ಇಡೀ ಅಂಗಡಿ ಮಾಲು ಕೂತ್ಕೊಂಡು ಸುಟ್ಟು ನೋಡ್ದೆ. ಜಾಕೆಟ್ಟೆಲ್ಲಾ ಪ್ಲಾಸ್ಟಿಕ್ಕೇ. ಆದ್ರೆ ಇದು" ಎಂದು ಡಬ್ಬ ಬಗ್ಗಿಸಿದರು. ಮೇಜಿನ ಮೇಲೆ ಬಣ್ಣಬಣ್ಣದ ಗೊಂಡೆಗಳು ಉರುಳಿದವು. ಕಾಲೇಜು ಹುಡುಗಿಯರು ಬ್ಯಾಗಿಗೆ ನೇತುಹಾಕಿಕೊಳ್ಳುವಂಥವು. "ಇದು ಕೂದ್ಲು ವಾಸ್ನೆ ಬಂತು. ಬಿಚ್ಚಿ ನೋಡ್ದೆ. ಒಳಗೆ ಚರ್ಮ."

ಮುಂದಿನ ಸಾಲಿನವರು ಎದ್ದು ಬಂದು ಗೊಂಡೆಗಳನ್ನು ಮುಟ್ಟಿ ನೋಡಿದರು.

"ಶಿಲ್ಪಂಗೂ ಹೇಳಿರ್ಲಿಲ್ಲ" ಎಂದರು ಇಂದ್ರೇಶ್. "ಹೆಂಗೂ ಜಾಕೆಟ್ಟಿನ ವಿಷ್ಯದಲ್ಲಿ ಅಕ್ಕಂದೇ ತಪ್ಪು, ಇದನ್ನ ಈ ಸಲ ಮಾರಿ ಮುಗ್ಸಿಬಿಡೋಣ ಅಂತಿದ್ದೆ. ಬೆಳಿಗ್ಗೆ ಇವ್ರು ಬಂದು ಹೊಸ್ತಿಲ ಮುಂದೆ ನಿಂತಾಗ ನಾನು ಈ ಡಬ್ಬದ ಪಕ್ಕನೇ ಕೂತಿದ್ದೆ. ಮುಖ ಎತ್ತಕ್ಕೆ ಆಗ್ಲಿಲ್ಲ. ನಾನು ಈ ಮಾಲು ತರ್ಸಲ್ಲ. ನೀವು ನಿರ್ಣಯ ಮಾಡಿ, ಬಿಡಿ, ನಂದು ಕೈ ಮೇಲಿದೆ."

ಹೌದು, ಅವರ ಕೈ ಮೇಲಿತ್ತು. ಅದರ ಪಕ್ಕದ್ದು ಎದ್ದಿತು, ಆಮೇಲೆ ಹಿಂದಿನ ಸಾಲಿನದು. ಮಿಯಾಂವ್ ಎಂದವರದೂ ಎದ್ದಿತು ಎಂದು ನನ್ನ ಗುಮಾನಿ. ಒಬ್ಬಿಬ್ಬರು ಕೊನೆಯವರೆಗೂ ಎತ್ತಲಿಲ್ಲ, ಅದು ಅವರ ಇಷ್ಟ. ಭೀಮರಾಜ್ ಎತ್ತಿದ ಕೈಗಳನ್ನು ನೋಡುತ್ತ ನೋಡುತ್ತ ತಮ್ಮದನ್ನೂ ಎತ್ತಿದರು, ಬಹುಶಃ ಮೈಕ್ ಸರಿಮಾಡಲು. ಆದರೂ ಎಣಿಕೆಗೆ ಸೇರಿಸಿಕೊಂಡೆವು.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕಣ್ತಪ್ಪಿಸಿ ತರಿಸುವವರು ಈಗಲೂ ಇದ್ದಾರೆ. ಆದರೆ ಈ ವರ್ಷ ಅಂಗಡಿಯವರು ತಾವೇ ಗೊಂಡೆಗಳನ್ನು ತಂದು, "ಅಕ್ಕಾ, ಸ್ವಲ್ಪ ಮೂಸಿ ಹೇಳಿ" ಎಂದು ಕೂರುತ್ತಾರೆ. ಕಾಂತಕ್ಕ ಈಗ ಮೊದಲು ಅವರ ಮನೆಯಲ್ಲಿ ಬೆಕ್ಕಿದೆಯೇ ಎಂದು ಕೇಳುತ್ತಾರೆ. ನಾನು ನನ್ನ ಹರೆಯವನ್ನೆಲ್ಲ ಜನರನ್ನು ನಗಿಸುವುದರಲ್ಲಿ ಕಳೆದವನು. ನಾಲ್ಕು ಜನರ ಎದುರು ತಾನೇ ನಗೆಪಾಟಲಾಗಿ ನಿಂತು ಇನ್ನೊಬ್ಬನ ಮಗುವನ್ನು ಶಾಲೆಗೆ ಕಳಿಸಿದವರ ಪಕ್ಕದಲ್ಲಿ ನಿಲ್ಲುವ ಅವಕಾಶ ಈ ಹಳೆಯ ಕಾರಿನಿಂದಾಗಿ ಸಿಕ್ಕಿತು. ಅದಕ್ಕೆ ಕಾರಿಗೂ, ಕಾಂತಕ್ಕನಿಗೂ ನಾನು ಋಣಿ.

ಸಭೆ ಮುಗಿದ ಸಂಜೆ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಮರುಳಪ್ಪನವರು ಒಳಗೆ ಹೋಗಿ ತಾವೇ ಕಾಫಿ ಮಾಡಿ ತಂದರು. ಕಾಂತಕ್ಕ ಬೆಳಗಿನಿಂದ ನಿಂತ ಕಾಲುಗಳನ್ನು ನೀವಿಕೊಳ್ಳುತ್ತ, "ಮದ್ವೆ ಆದಾಗಿಂದ ನಿಮ್ ಹತ್ರ ಒಂದ್ಸಲನಾದ್ರೂ ತಪ್ಪಾಯ್ತು ಅಂದಿದ್ನೇನ್ರೀ? ಇವತ್ತು ಊರಿಗೆಲ್ಲಾ ಹೇಳ್ಕೊಂಡು ಬಂದೆ" ಎಂದರು.

"ನಾನೂ ಪಕ್ಕದಲ್ಲೇ ಇದ್ನಲ್ಲೇ" ಎಂದರು ಮರುಳಪ್ಪನವರು, ಲೋಟ ಅವರ ಕೈಗೆ ಕೊಡುತ್ತ. "ನನ್ ಪಾಲಿಂದೂ ಅದ್ರಲ್ಲೇ ಸೇರ್ಸ್ಕೊಂಡೆ. ಕುಡಿ, ಆರೋಯ್ತದೆ."